ವಾಕ್ ಚಿಕಿತ್ಸೆ ಓದಲು ಹೊರಟ ಮಕ್ಕಳಿಗೆ ಸಹಾಯಧನ ತಪ್ಪುವುದು ಎಲ್ಲಿ?

ಮಂಡ್ಯದ ಕಡೆಯ ಮಗು 'ಹಾಲು' ಅನ್ನೋದನ್ನ 'ಆಲು' ಅಂದರೆ ಅದು ದೋಷ ಅಲ್ಲ, ಮನೆಮಾತು. ಅದೇ ಮಗು ಐದು ವರ್ಷ ತುಂಬಿದ ಮೇಲೂ 'ಕಪ್ಪೆ'ಗೆ 'ತಪ್ಪೆ' ಅಂತಿದ್ದರೆ ಚಿಕಿತ್ಸೆ ಬೇಕು. ಇವೆರಡರ ವ್ಯತ್ಯಾಸ ಥಟ್ಟನೆ ಹಿಡಿಯೋ ಕಿವಿ ಕನ್ನಡದ ಮನೆಯಲ್ಲಿ ಬೆಳೆದವರಿಗೆ ಇರುತ್ತೆ. ಅದಕ್ಕೇ ಸರ್ಕಾರಿ ಕಾಲೇಜಲ್ಲಿ ಪಿಯುಸಿ ಸೈನ್ಸ್ ಮುಗಿಸಿದ ಹಳ್ಳಿ ಮಕ್ಕಳು ವಾಕ್ ಶ್ರವಣ ಚಿಕಿತ್ಸೆಯ ಪದವಿ ಕೋರ್ಸಾದ ಬಿಎಎಸ್‌ಎಲ್‌ಪಿಗೆ ಬರಲೇಬೇಕು. ಫೀಸು ಕೇಳಿಯೇ ಎಷ್ಟೋ ಮಂದಿ ಹಿಂದೆ ಸರೀತಾರೆ. ಸಹಾಯಧನ ಇಲ್ಲ ಅಂತಲ್ಲ. ಸೀಟು ಹಿಡಿಯೋಕೆ ಮೊದಲು ಯಾರೂ ಬಿಡಿಸಿ ಹೇಳಲ್ಲ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸೀಟು ಸಿಕ್ಕರೆ ಚಿಂತೆ ಅರ್ಧ ಕಳೀತು. ಕೇಂದ್ರ ಸರ್ಕಾರದ ಸಂಸ್ಥೆ, ಓದುವವರಿಗೆ ಸ್ಟೈಪೆಂಡ್ ಕೂಡ ಇದೆ. ಆದರೆ ಪೈಪೋಟಿ ದೇಶಮಟ್ಟದ್ದು. ಉಳಿದವರು ಖಾಸಗಿ ಕಾಲೇಜಿಗೆ ಹೋಗ್ತಾರೆ, ಮೊದಲ ಎಡವಟ್ಟು ಆಗೋದು ಅಲ್ಲೇ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ಆದಾಯ ವರ್ಷಕ್ಕೆ 2.5 ಲಕ್ಷ ದಾಟಬಾರದು. ಅದರ ಜೊತೆಗೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಆ ವಿದ್ಯಾರ್ಥಿವೇತನದ ಶುಲ್ಕ ವಿನಾಯಿತಿ ಸಿಗಲ್ಲ. 'ಆಮೇಲೆ ಸ್ಕಾಲರ್‌ಶಿಪ್ ಬರುತ್ತೆ, ಈಗ ಕಟ್ಟಿ' ಅನ್ನೋ ಮಾತು ನಂಬಬೇಡಿ. ಸೀಟು ಯಾವ ಕೋಟಾದ್ದು ಅಂತ ಬರವಣಿಗೆಯಲ್ಲಿ ಕೇಳಿ. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ) ಪೋರ್ಟಲಿನ ಪಟ್ಟಿಯಲ್ಲಿ ಕಾಲೇಜಿನ ಹೆಸರು, ಕೋರ್ಸಿನ ಹೆಸರು ಎರಡೂ ಇದೆಯಾ ಅಂತ ಫೀಸು ಕಟ್ಟೋ ಮೊದಲೇ ನೋಡಿ.

ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲೆ RD ಅಂತ ಶುರುವಾಗೋ ನಂಬರು) ಬೇಕು. ನಾಡಕಚೇರಿಯ ಆದಾಯ ಪ್ರಮಾಣಪತ್ರ ಐದು ವರ್ಷಕ್ಕೆ ಮುಗಿಯುತ್ತೆ. ಹೈಸ್ಕೂಲಲ್ಲಿ ಮಾಡಿಸಿದ್ದನ್ನೇ ಹಾಕಿ ಕೂತರೆ ಕೆಲಸ ಆಗಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಎಸ್', ಆಧಾರಲ್ಲಿ 'ಎಸ್ ಮಂಜುನಾಥ್' ಅಂತ ಇದ್ದರೆ ಅರ್ಜಿ ಹಾಕೋ ಮೊದಲೇ ಆಧಾರ್ ತಿದ್ದಿಸಿ.

ಇನ್ನೊಂದು, ಬಹಳ ಮಂದಿ ಎಡವೋ ಜಾಗ: ಬ್ಯಾಂಕಲ್ಲಿ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಸೀಡಿಂಗ್ (ಸಹಾಯಧನ ಬರೋ ಹಾಗೆ ಖಾತೆಗೆ ಆಧಾರ್ ಜೋಡಿಸೋದು) ಆಗಿರಲ್ಲ. ಹಣ ಬರೋದು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸೋ ಸಂಸ್ಥೆ) ಮ್ಯಾಪಿಂಗ್ ಆಗಿರೋ ಖಾತೆಗೆ, ಆಧಾರ್ ಒಂದಕ್ಕೆ ಅಂಥ ಖಾತೆ ಒಂದೇ. ಮನೆಯವರು ಇನ್ಯಾವುದೋ ಬ್ಯಾಂಕಲ್ಲಿ ಹೊಸ ಖಾತೆ ತೆರೆಸಿ ಸೀಡಿಂಗ್ ಫಾರಂಗೆ ಸಹಿ ಹಾಕಿಸಿದರೆ ದುಡ್ಡು ಅಲ್ಲಿಗೆ ಹೋಗಿ ಕೂರುತ್ತೆ. ಮ್ಯಾಪಿಂಗ್ ಸ್ಥಿತಿ ಆಧಾರ್ ವೆಬ್‌ಸೈಟಲ್ಲೇ ಕಾಣುತ್ತೆ, ಓಟಿಪಿ ಹಾಕಿದರೆ ಸಾಕು.

ಪಿಯುಸಿಯಲ್ಲಿ ಒಳ್ಳೆ ಅಂಕ ಬಂದವರು, ಬೋರ್ಡಿನ 80ನೇ ಪರ್ಸೆಂಟೈಲ್ ಮೇಲಿದ್ದು (ಅಂದರೆ ನೂರರಲ್ಲಿ ಎಂಬತ್ತು ಮಂದಿಗಿಂತ ಹೆಚ್ಚು ಅಂಕ) ಆದಾಯ 4.5 ಲಕ್ಷದೊಳಗಿದ್ದರೆ, ಕೇಂದ್ರದ ವಿದ್ಯಾರ್ಥಿವೇತನ ಪೋರ್ಟಲ್ ಎನ್‌ಎಸ್‌ಪಿಯಲ್ಲಿ ಪಿಎಂ-ಯುಎಸ್‌ಪಿ ವಿದ್ಯಾರ್ಥಿವೇತನಕ್ಕೆ ಹಾಕಿ. ಪದವಿಗೆ ವರ್ಷಕ್ಕೆ 12,000 ರೂಪಾಯಿ. ಹೊಸ ಅರ್ಜಿ ಮೊದಲ ವರ್ಷದಲ್ಲೇ ಹಾಕಬೇಕು. ಪ್ರತಿವರ್ಷ ನವೀಕರಣಕ್ಕೆ 50% ಅಂಕ, 75% ಹಾಜರಿ ಬೇಕು. ಬೇರೆ ಸ್ಕಾಲರ್‌ಶಿಪ್ ಇದ್ದರೆ ಇದು ಸಿಗಲ್ಲ, ಲೆಕ್ಕ ಹಾಕಿ ಒಂದನ್ನ ಆರಿಸಿಕೊಳ್ಳಿ.

ಇಷ್ಟಾದರೂ ಒಂದು ಅನ್ಯಾಯ ಉಳಿಯುತ್ತೆ. ಫೀಸು ಮೊದಲು ಕಟ್ಟಬೇಕು, ಸ್ಕಾಲರ್‌ಶಿಪ್ ತಿಂಗಳುಗಟ್ಟಲೆ ತಡವಾಗಿ ಬರುತ್ತೆ. ಕಾಲೇಜುಗಳು ಮಂಜೂರಾತಿ ಬರೋ ತನಕ ಕಂತು ಮುಂದಕ್ಕೆ ಹಾಕಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲದಿದ್ದರೆ ಆ ಮಧ್ಯದ ತಿಂಗಳುಗಳಿಗೆ ಅಪ್ಪ ಅಮ್ಮ ಕೈಸಾಲಕ್ಕೆ ಹೋಗ್ತಾರೆ, ಬಡ್ಡಿಯಲ್ಲಿ ಸ್ಕಾಲರ್‌ಶಿಪ್ಪೇ ಕರಗುತ್ತೆ.

ಕೈಸಾಲಕ್ಕಿಂತ ಬ್ಯಾಂಕಿನ ಶಿಕ್ಷಣ ಸಾಲ ವಾಸಿ. ಕೇಂದ್ರದ ಸಾಲ ಖಾತರಿ ನಿಧಿ ಇರೋದರಿಂದ 7.5 ಲಕ್ಷದ ತನಕ ಆಸ್ತಿ ಅಡಮಾನ ಕೇಳೋ ಹಾಗಿಲ್ಲ. ಆದಾಯ 4.5 ಲಕ್ಷದೊಳಗಿದ್ದರೆ ಕಂತು ಶುರುವಾಗೋ ತನಕದ ಬಡ್ಡಿಗೆ ಸಬ್ಸಿಡಿ ಇದೆ, ಅದಕ್ಕೆ ಕಾಲೇಜಿಗೆ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯೋ ಸಂಸ್ಥೆ) ಮಾನ್ಯತೆ ಇದೆಯಾ ಕೇಳಿ.

ಸಾಲದ ಅರ್ಜಿಯಲ್ಲಿ ಒಂದು ಸಣ್ಣ ವಿಷಯ ದೊಡ್ಡ ಪೆಟ್ಟು ಕೊಡುತ್ತೆ. ಕೋರ್ಸು ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಕಂತು ಶುರುವಾಗೋದು ಕೋರ್ಸ್ ಮುಗಿದ ಒಂದು ವರ್ಷಕ್ಕೆ. ಕಾಲೇಜಿನವರು ಬೋನಫೈಡ್ ಪತ್ರದಲ್ಲಿ '3 ವರ್ಷ' ಅಂತ ಬರೆದುಕೊಟ್ಟರೆ, ಇಂಟರ್ನ್‌ಶಿಪ್ ಮುಗಿದ ಮರುದಿನವೇ, ಕೆಲಸ ಸಿಗೋ ಮೊದಲೇ ಬ್ಯಾಂಕು ಕಂತು ಕೇಳುತ್ತೆ. 'ಇಂಟರ್ನ್‌ಶಿಪ್ ಸೇರಿ 4 ವರ್ಷ' ಅನ್ನೋ ಸಾಲು ಪತ್ರದಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಆಫೀಸಲ್ಲೇ ತಿದ್ದಿಸಿಕೊಂಡು ಸೀಲು ಹಾಕಿಸಿ.