ದುಡ್ಡು ಕೊಟ್ಟು ಹಾಕಿಸಿಕೊಂಡ ಟೋಪಿ

ಅಮ್ಮನಿಗೆ ಫೋನ್ ಮಾಡಿ, "ಮಂಗಳವಾರ ನಾವಿಬ್ರೂ ರೇಸಿಗೆ ಹೋಗ್ತಿದ್ದೀವಿ" ಅಂದೆ. ಆ ಕಡೆ ಮಾತೇ ಇಲ್ಲ. ಲೈನ್ ಕಟ್ ಆಯಿತೇನೋ ಅಂದುಕೊಂಡೆ. ಹಿಂದೆ ಕುಕ್ಕರ್ ಒಂದು ಸಲ ಕೂಗಿದ್ದು ಕೇಳಿಸಿತು. ಆಮೇಲೆ ಅಮ್ಮ ದನಿ ತಗ್ಗಿಸಿ ಕೇಳಿದರು, "ಇದೆಲ್ಲಾ ಯಾವಾಗಿಂದ?"

ಅವರದ್ದೇನೂ ತಪ್ಪಿಲ್ಲ. ನಾನು ಬೆಳೆದದ್ದು ಬೆಂಗಳೂರಿನಲ್ಲಿ. ರೇಸ್ ಕೋರ್ಸ್ ರಸ್ತೆಯಲ್ಲಿ ಬಸ್ಸು ಹೋಗುವಾಗ ಅಪ್ಪ ಆ ಕಾಂಪೌಂಡಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನೋಡಿದರೆ ಜೇಬಿನಿಂದ ಹತ್ತು ರೂಪಾಯಿ ತಾನಾಗಿ ಎದ್ದು ಹೋಗುತ್ತೆ ಅನ್ನುವ ಹಾಗೆ. ನಮ್ಮ ಬೀದಿಯ ಕೊನೇ ಮನೆಯಲ್ಲಿ ಒಬ್ಬರು ಮಾವ ಇದ್ದರು. ಕಿವಿ ಸಂದಿಯಲ್ಲಿ ಪೆನ್ಸಿಲ್, ಜೇಬಿನಲ್ಲಿ ಉದ್ದಕ್ಕೆ ಮಡಿಚಿದ ರೇಸ್ ಪುಸ್ತಕ. ಒಂದು ಶನಿವಾರ ಸ್ಕೂಟರಿನಲ್ಲಿ ಹೋದವರು ಸಂಜೆ ನಡೆದುಕೊಂಡು ಬಂದರು. ಆ ಸ್ಕೂಟರನ್ನು ಮತ್ತೆ ಯಾರೂ ನೋಡಲಿಲ್ಲ. ರೇಸಿಗೆ ಹೋಗುವಾಗ ಅವರು ಎಂಥ ಬಟ್ಟೆ ಹಾಕುತ್ತಿದ್ದರು ಅಂತ ಕೇಳಿದರೆ ನಮ್ಮ ಬೀದಿಯಲ್ಲಿ ಯಾರೂ ಹೇಳಲಾರರು. ರೇಸಿಗೆ ಹೋಗುವವರು ಏನು ಕಳೆದುಕೊಂಡು ಬಂದರು ಅಂತ ನೋಡುತ್ತಿದ್ದೆವೇ ಹೊರತು ಏನು ಉಟ್ಟುಕೊಂಡು ಹೋದರು ಅಂತ ಅಲ್ಲ.

ನಾವೀಗ ಇರುವ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಎಲ್ಲಾ ಉಲ್ಟಾ. ನವೆಂಬರ್ ತಿಂಗಳ ಮೊದಲ ಮಂಗಳವಾರ ಇಲ್ಲಿ ಮೆಲ್ಬರ್ನ್ ಕಪ್. ಕುದುರೆ ಓಡುತ್ತೆ ಅಂತ ಊರಿಗೆಲ್ಲ ಸರ್ಕಾರಿ ರಜೆ! 1861ರಲ್ಲಿ ಶುರುವಾದ ಓಟ. ಫ್ಲೆಮಿಂಗ್ಟನ್ ಮೈದಾನದಲ್ಲಿ 3200 ಮೀಟರ್. ಮಧ್ಯಾಹ್ನ ಮೂರಕ್ಕೆ ಬಿಟ್ಟರೆ ಮೂರು ನಿಮಿಷ ಚಿಲ್ಲರೆಗೆಲ್ಲ ಮುಗಿದೇ ಹೋಗುತ್ತೆ. ಒಂದು ಲೋಟ ಫಿಲ್ಟರ್ ಕಾಫಿಗೆ ಡಿಕಾಕ್ಷನ್ ಕೂಡ ಅಷ್ಟು ಬೇಗ ಇಳಿಯಲ್ಲ. ಆ ಮೂರು ನಿಮಿಷಕ್ಕೆ ಜನ ಆಗಸ್ಟಿನಿಂದ ಟೋಪಿ ಹುಡುಕುತ್ತಾರೆ.

ಆಫೀಸಿನ ಗೆಳತಿಯೊಬ್ಬಳು "ಈ ಸಲ ನೀವೂ ಬನ್ನಿ" ಅಂದಳು. ಬರ್ತೀವಿ ಅಂದಿದ್ದೇ ತಡ, ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ತಲೆಗೆ ಏನು ಹಾಕ್ತೀಯಾ? ಯಾವ ಕುದುರೆ ಅಂತ ಒಬ್ಬರೂ ಕೇಳಲಿಲ್ಲ. ನಾನೋ, ಮದುವೆಯಲ್ಲಿ ಬಿಟ್ಟರೆ ತಲೆಗೆ ಹೂವಿಗಿಂತ ಭಾರದ್ದು ಏನೂ ಇಟ್ಟವಳಲ್ಲ. "ಕಪ್ಪು ಬಿಳುಪು ತಗೋ, ಅದೇ ಸಂಪ್ರದಾಯ" ಅಂತ ಯಾರೋ ಹೇಳಿದರು. ಸರಿ, ಹೊರಟೆ ಅಂಗಡಿಗೆ.

ಅಲ್ಲಿ ಟೋಪಿಗಿಂತ ಜಾಸ್ತಿ ಇದ್ದದ್ದು ಫ್ಯಾಸಿನೇಟರ್ ಅನ್ನುವ ವಸ್ತು. ಅದು ಟೋಪಿಯಲ್ಲ, ಕ್ಲಿಪ್ಪೂ ಅಲ್ಲ. ಕಾಫಿ ಲೋಟದ ತಟ್ಟೆಯಷ್ಟು ಅಗಲದ ಒಂದು ಬಿಲ್ಲೆ. ಅದರ ಮೇಲೆ ಒಂದಿಷ್ಟು ಪುಕ್ಕ. ಪುಕ್ಕದಿಂದ ಒಂದು ಕಣ್ಣಿನ ಮೇಲೆ ಇಳಿಬಿದ್ದ ಸೊಳ್ಳೆ ಪರದೆ. ಬಿಸಿಲು ತಡೆಯಲ್ಲ, ಮಳೆ ತಡೆಯಲ್ಲ, ಸೊಳ್ಳೆಯೂ ಆರಾಮಾಗಿ ಬರಬಹುದು. ಬೆಲೆ ನೂರ ನಲವತ್ತು ಡಾಲರ್. ಇಲ್ಲಿಗೆ ಬಂದು ಹತ್ತು ವರ್ಷವಾದರೂ ಮನಸ್ಸಿನಲ್ಲಿ ರೂಪಾಯಿಗೆ ಗುಣಿಸುವ ಚಾಳಿ ಹೋಗಿಲ್ಲ. ಗುಣಿಸಿದೆ. ಹತ್ತಿರ ಹತ್ತಿರ ಎಂಟು ಸಾವಿರ. ಜುಟ್ಟಿಗೆ ಮಲ್ಲಿಗೆ ಹೂವಿನ ಗಾದೆ ಮಾಡಿದವರು ಈ ಅಂಗಡಿಗೆ ಬಂದಿರಲಿಕ್ಕಿಲ್ಲ. ಬಂದಿದ್ದರೆ ಮಲ್ಲಿಗೆಯನ್ನು ಸುಮ್ಮನೆ ಬಿಡುತ್ತಿದ್ದರು.

ಕಪ್ಪು ಬಿಳುಪಿನದ್ದೇ ತಂದೆ. ಮಾರನೇ ದಿನ ಗೆಳತಿಗೆ ತೋರಿಸಿದರೆ ಅವಳ ಮುಖ ಸಣ್ಣಗಾಯಿತು. ಕಪ್ಪು ಬಿಳುಪು ಇರುವುದು ಅದಕ್ಕೆ ಮೊದಲಿನ ಶನಿವಾರ ನಡೆಯುವ ಡರ್ಬಿ ಅನ್ನುವ ರೇಸಿನ ದಿನಕ್ಕಂತೆ. ಮಂಗಳವಾರದ ಮೆಲ್ಬರ್ನ್ ಕಪ್ ದಿನಕ್ಕೆ ಕಣ್ಣು ಕುಕ್ಕುವ ಬಣ್ಣ ಬೇಕು. ಗುರುವಾರ ಓಕ್ಸ್ ಡೇ, ಹೆಂಗಸರ ದಿನ, ಅವತ್ತು ತಿಳಿ ಬಣ್ಣ, ಹೂವಿನ ಡಿಸೈನು. ದಿನಕ್ಕೊಂದು ಹೂವು ಕೂಡ ಇದೆ, ಕಪ್ ದಿನಕ್ಕೆ ಹಳದಿ ಗುಲಾಬಿ. ನಮ್ಮಲ್ಲಿ ನವರಾತ್ರಿಗೆ ದಿನಕ್ಕೊಂದು ಬಣ್ಣದ ಸೀರೆ ಅಂತ ವಾಟ್ಸಾಪಿನಲ್ಲಿ ಪಟ್ಟಿ ಬರುತ್ತಲ್ಲ, ಥೇಟ್ ಹಾಗೇ. ಆ ಪಟ್ಟಿ ನನಗೆ ಕಳಿಸುವವರು ಇರಲಿಲ್ಲ, ಅಷ್ಟೇ.

ವಾಪಸ್ ಕೊಡೋಣ ಅಂತ ಅಂಗಡಿಗೆ ಓಡಿದೆ. ತಲೆಗೆ ಇಟ್ಟ ಸಾಮಾನು ವಾಪಸ್ ತಗೊಳ್ಳುವ ಪದ್ಧತಿ ಇಲ್ಲವಂತೆ. ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. "ನಿಂಗೆ ಟೋಪಿ ಹಾಕಿದ್ರು ಅಂತ ಊರಲ್ಲಿ ಹೇಳಿದ್ರೆ ಯಾರೂ ತಪ್ಪು ತಿಳ್ಕೊಳ್ಳಲ್ಲ ಬಿಡು" ಅಂದರು ನನ್ನ ಗಂಡ. ಆ ಜೋಕನ್ನು ಅವರು ಆ ವಾರದಲ್ಲಿ ಹನ್ನೊಂದು ಸಲ ಹೇಳಿದರು. ಎಣಿಸಿದ್ದೇನೆ.

ಟೋಪಿಯ ಈ ಕಾಟ ಎಂಥವರನ್ನೂ ಬಿಟ್ಟಿಲ್ಲ ಅಂತ ಆಮೇಲೆ ಗೊತ್ತಾಯಿತು. 1965ರಲ್ಲಿ ಜೀನ್ ಶ್ರಿಂಪ್ಟನ್ ಅಂತ ಇಂಗ್ಲೆಂಡಿನ ದೊಡ್ಡ ಮಾಡೆಲ್ ಇಲ್ಲಿಗೆ ಬಂದಿದ್ದಳು. ಡರ್ಬಿ ದಿನಕ್ಕೆ ಹೊಲಿಸಿದ ಬಿಳಿ ಫ್ರಾಕಿಗೆ ಬಟ್ಟೆ ಸಾಲದೆ ಅದು ಮೊಣಕಾಲಿಗಿಂತ ನಾಲ್ಕು ಇಂಚು ಮೇಲೇ ನಿಂತುಬಿಟ್ಟಿತು. ಬ್ಲೌಸ್ ಪೀಸ್ ಸಾಲಲಿಲ್ಲ ಅಂತ ನಮ್ಮ ಟೈಲರ್ ತೋಳು ಗಿಡ್ಡ ಮಾಡುತ್ತಾನಲ್ಲ, ಅದೇ ಕಥೆ. ಸಾಲದ್ದಕ್ಕೆ ತಲೆಗೆ ಟೋಪಿ ಇಲ್ಲ, ಕೈಗೆ ಗ್ಲೌಸ್ ಇಲ್ಲ, ಕಾಲಿಗೆ ಸ್ಟಾಕಿಂಗ್ಸ್ ಇಲ್ಲ. ಮೆಲ್ಬರ್ನಿನ ದೊಡ್ಡ ಮನೆತನದ ಹೆಂಗಸರಿಗೆ ಎದೆ ಒಡೆದಷ್ಟಾಯಿತು. ಪೇಪರಿನಲ್ಲೆಲ್ಲ ಅದೇ ಸುದ್ದಿ. ಮಂಗಳವಾರದ ಹೊತ್ತಿಗೆ ಆಕೆಗೂ ಟೋಪಿ ಹಾಕಿಸಿಯೇ ಬಿಟ್ಟಿದ್ದರು. ಇನ್ನು ನಾನ್ಯಾವ ಲೆಕ್ಕ?

ಹಳದಿ ಗುಲಾಬಿ ಅಂದಾಗ ನೆನಪಾಯಿತು. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಹಿಂದೆ ಕಟ್ಟಲು ಬೆಂಗಳೂರಿನಿಂದ ತಂದ ಪ್ಲಾಸ್ಟಿಕ್ ಹೂವಿನ ಡಬ್ಬ ಅಟ್ಟದಲ್ಲಿತ್ತು. ಅದರಲ್ಲಿ ನಾಲ್ಕು ಹಳದಿ ಗುಲಾಬಿ. ಲಕ್ಷ್ಮಿಗೆ ಮನಸ್ಸಿನಲ್ಲೇ ಕೈ ಮುಗಿದು ಬಿಡಿಸಿಕೊಂಡೆ. ಮಗನ ಕ್ರಾಫ್ಟ್ ಡಬ್ಬದಲ್ಲಿದ್ದ ಬಿಳಿ ಗಮ್ ಧಾರಾಳವಾಗಿ ಬಳಿದು ಪುಕ್ಕದ ಬುಡಕ್ಕೆ ಅಂಟಿಸಿದೆ. ಅರಿಶಿನ ಬಣ್ಣದ ಮೈಸೂರ್ ಸಿಲ್ಕ್ ತೆಗೆದೆ. ಕಪ್ಪು ಬಾರ್ಡರ್, ಕಪ್ಪು ಬ್ಲೌಸ್. ಎಲ್ಲಾ ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ನನಗೇನೋ ಚೆನ್ನಾಗಿಯೇ ಕಂಡಿತು.

ನನ್ನ ಗಂಡ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿದರು. "ಬಸವನಗುಡಿಗೆ ಬರ್ತೀರಾ? ಮೀಟರ್ ಮೇಲೆ ಎಷ್ಟು?" ಅಂದರು.

ಬೆಂಗಳೂರಿನ ಹಳೇ ಆಟೋ ಬಣ್ಣ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರನ್ನೂ ಸುಮ್ಮನೆ ಬಿಡಲಿಲ್ಲ ಅನ್ನಿ. ಅವರು ಹಾಕಿದ್ದು ನಮ್ಮ ಆರತಕ್ಷತೆಯ ಸೂಟು. ಮೇಲಿನ ಗುಂಡಿ ಹಾಕಿದರೆ ಮಾತು ಬರುತ್ತಿರಲಿಲ್ಲ. ದಿನವಿಡೀ ಹಾಕಿಕೊಂಡೇ ಇರಿ ಅಂದೆ.

ಸೀರೆ ಸುಲಭ. ಕಷ್ಟವಾದದ್ದು ತಲೆ. ನನ್ನದು ವಾರಕ್ಕೆರಡು ಸಲ ಕೊಬ್ಬರಿ ಎಣ್ಣೆ ಕುಡಿದು ಬೆಳೆದ ಕೂದಲು. ಅದರ ಮೇಲೆ ಯಾವ ಕ್ಲಿಪ್ಪೂ ನಿಲ್ಲಲ್ಲ. ಫ್ಯಾಸಿನೇಟರನ್ನು ಬಲಗಡೆಗೆ ಸ್ವಲ್ಪ ಓರೆಯಾಗಿ ಇಡಬೇಕು ಅಂತ ಅಂಗಡಿಯಾಕೆ ತೋರಿಸಿಕೊಟ್ಟಿದ್ದಳು. ಇಟ್ಟೆ. ಜಾರಿ ಕಿವಿಯ ಮೇಲೆ ಬಂದು ಕೂತಿತು, ಫೋನಿನಲ್ಲಿ ಮಾತಾಡುತ್ತಿರುವವಳ ಹಾಗೆ. ಆರು ಹೇರ್‌ಪಿನ್ ಚುಚ್ಚಿದ ಮೇಲೆ ನಿಂತಿತು. ಆದರೆ ಅದರ ಜೊತೆ ನನ್ನ ಹುಬ್ಬೂ ಮೇಲಕ್ಕೆ ಎಳೆದುಕೊಂಡು, ಅವತ್ತಿನ ಎಲ್ಲಾ ಫೋಟೋದಲ್ಲೂ ಯಾರೋ ಏನೋ ಆಶ್ಚರ್ಯದ ಸುದ್ದಿ ಹೇಳಿದ ಹಾಗೆ ನಿಂತಿದ್ದೇನೆ.

ಫ್ಲೆಮಿಂಗ್ಟನ್ ಟ್ರೇನಿನಲ್ಲಿ ಕಾಲಿಡಲು ಜಾಗ ಇತ್ತು, ತಲೆ ಇಡಲು ಇರಲಿಲ್ಲ. ಗೌರಿ ಹಬ್ಬದ ಮೊರದಷ್ಟು ಅಗಲದ ಟೋಪಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಮುಂದಿದ್ದಾಕೆ ತಲೆ ತಿರುಗಿಸಿದಾಗೆಲ್ಲ ಅವಳ ಪುಕ್ಕ ನನ್ನ ಮೂಗಿನೊಳಗೆ ಹೋಗಿ ಬರುತ್ತಿತ್ತು. ನಾನು ಸೀನಿದೆ. ಪಾಪ, ಅವಳೇ ಸಾರಿ ಕೇಳಿದಳು.

ಮೈದಾನ ನಿಜಕ್ಕೂ ಸೊಗಸಾಗಿತ್ತು. ಎಲ್ಲಿ ನೋಡಿದರೂ ಗುಲಾಬಿ ಗಿಡ. ಅಸಲಿ ಹಳದಿ ಗುಲಾಬಿ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವ ಧೈರ್ಯ ಮಾತ್ರ ನನ್ನ ಪ್ಲಾಸ್ಟಿಕ್ಕಿಗೆ ಬರಲಿಲ್ಲ. ಸೀರೆಯನ್ನು ಮೆಚ್ಚಿದವರು ಬಹಳ. ಒಬ್ಬಾಕೆ ಸೆರಗು ಮುಟ್ಟಿ ನೋಡಿ, ಇದಕ್ಕೆ ಎಷ್ಟು ಪಿನ್ ಹಾಕಿದ್ದೀಯ ಅಂತ ಕೇಳಿದಳು. ಎಲ್ಲಾ ಪಿನ್ನೂ ತಲೆಗೇ ಖರ್ಚಾಗಿದೆ ಅಂದೆ.

ಎರಡು ಗಂಟೆಗೆ ಮಳೆ ಬಂತು. ಮೆಲ್ಬರ್ನಿನಲ್ಲಿ ಒಂದೇ ದಿನ ನಾಲ್ಕು ಕಾಲ ಅಂತಾರೆ. ಅವತ್ತು ಒಂದೇ ಗಂಟೆಯಲ್ಲಿ ಮೂರು ಮುಗಿದವು. ಕೊಡೆ ಬಿಚ್ಚುವಷ್ಟರಲ್ಲಿ ತಲೆ ಒದ್ದೆ. ಹಣೆ ಮೇಲೆ ತಣ್ಣಗೆ ಏನೋ ಇಳಿಯಿತು. ಬೆರಳಲ್ಲಿ ಒರೆಸಿ ನೋಡಿದರೆ ಬೆಳ್ಳಗೆ, ಅಂಟಂಟು. ಮಗನ ಗಮ್! ನೀರು ಬಿದ್ದಿದ್ದೇ ಸುಣ್ಣದ ತಿಳಿಯ ಹಾಗೆ ಕರಗಿ, ಬಿಂದಿ ದಾಟಿ, ಮೂಗಿನ ಕಡೆ ಹೊರಟಿತ್ತು. ಒಂದು ಗುಲಾಬಿ ಆಗಲೇ ಸೆರಗಿನೊಳಗೆ ಬಿದ್ದಿತ್ತು.

ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಟಿಶ್ಯೂ ಕೊಟ್ಟು ಬೆನ್ನು ತಟ್ಟಿದರು. ಹಕ್ಕಿ ತಲೆ ಮೇಲೆ ಹಿಕ್ಕೆ ಹಾಕಿದರೆ ಅದೃಷ್ಟವಂತೆ, ಅದೂ ಕಪ್ ದಿನ! ನಮ್ಮ ಕಡೆ ಕಾಗೆ ತಲೆ ಮುಟ್ಟಿದರೂ ಸ್ನಾನ ಮಾಡಿ ಶನಿದೇವರಿಗೆ ಎಳ್ಳೆಣ್ಣೆ ದೀಪ ಹಚ್ಚಬೇಕು. ಇಲ್ಲಿ ಹತ್ತು ಜನ ಬಂದು ಕೈ ಕುಲುಕಿದರು. ಅದು ಗಮ್ ಅಂತ ಹೇಳುವ ಘಳಿಗೆ ನನ್ನ ಕೈ ತಪ್ಪಿ ಹೋಯಿತು. ಅಜ್ಜಿ ಬಿಡಲಿಲ್ಲ. 2015ರಲ್ಲಿ ಮಿಶೆಲ್ ಪೇನ್ ಗೆದ್ದ ಕಥೆ ಹೇಳಿದರು. ಕಪ್ ಗೆದ್ದ ಮೊದಲ ಹೆಣ್ಣು ಜಾಕಿ ಆಕೆ, ಅವಳ ಕುದುರೆಯ ಮೇಲೆ ಒಂದಕ್ಕೆ ನೂರು. ನಿನ್ನ ತಲೆಯ ಮೇಲೇ ಅದೃಷ್ಟ ಕೂತಿದೆ, ದುಡ್ಡು ಕಟ್ಟು ಅಂದರು.

ಹತ್ತು ಡಾಲರ್ ಕಟ್ಟಿದೆ. ಅಪ್ಪನ ಮುಖ ಕಣ್ಮುಂದೆ ಬಂತು, ಆದರೂ ಕಟ್ಟಿದೆ. ಯಾವ ಕುದುರೆ ಅಂತ ಆರಿಸಿದ್ದು ಹೇಗೆ ಅಂದರೆ, ಆ ಜಾಕಿಯ ಅಂಗಿ ಬಣ್ಣ ನನ್ನ ಬಾರ್ಡರಿಗೆ ಮ್ಯಾಚ್ ಆಗುತ್ತಿತ್ತು.

ಮೂರು ಗಂಟೆ. ಎಲ್ಲರೂ ಬೇಲಿ ಕಡೆ ನುಗ್ಗಿದರು. ನನ್ನ ಮುಂದೆ ಒಂದು ಗುಲಾಬಿ ಬಣ್ಣದ ಮೊರ, ಅದರ ಮುಂದೆ ಒಂದು ನೀಲಿ ಛತ್ರಿಯಂಥದ್ದು. ನೆಲ ಗುಡುಗಿದ ಹಾಗೆ ಸದ್ದು ಬಂತು. ತುದಿಗಾಲಲ್ಲಿ ನಿಂತೆ. ಎರಡು ಟೋಪಿಯ ನಡುವಿನ ಸಂದಿಯಲ್ಲಿ ಜಾಕಿಗಳ ಬಣ್ಣಬಣ್ಣದ ಟೋಪಿಗಳು ಸರಸರ ಹಾದು ಹೋದವು. ಅಷ್ಟೇ. ಕುದುರೆಯ ಕಿವಿಯೂ ಕಾಣಲಿಲ್ಲ. "ಗೆದ್ದಿದ್ದು ಯಾರ್ರೀ?" ಅಂದೆ. ನನ್ನ ಗಂಡ ಮಾತಾಡಲು ಮೊದಲು ಗುಂಡಿ ಬಿಚ್ಚಬೇಕಾಯಿತು. ನನ್ನ ಕುದುರೆ ಹಿಂದಿನಿಂದ ಎರಡನೆಯದು.

ಸಂಜೆ ಸ್ಟೇಷನ್ನಿನ ಕಡೆ ನಡೆಯುವಾಗ ಮಾತ್ರ ಗೆದ್ದವಳು ನಾನೇ. ಒದ್ದೆ ಹುಲ್ಲಿನಲ್ಲಿ ಹೀಲ್ಸ್ ಹೂತು ಹೂತು ಸಾಕಾಗಿ, ಬೆಳಿಗ್ಗೆ ರಾಣಿಯರ ಹಾಗಿದ್ದವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹೊರಟಿದ್ದರು. ಟೋಪಿಗಳು ನೆನೆದು ಹಪ್ಪಳದ ಹಾಗೆ ಬಾಗಿದ್ದವು. ನಾನು ಸೀರೆ ನೆರಿಗೆಯ ಕೆಳಗೆ ಯಾರಿಗೂ ಕಾಣದ ಹಾಗೆ ತರಕಾರಿ ತರುವ ಚಪ್ಪಲಿಯನ್ನೇ ಮೆಟ್ಟಿಕೊಂಡು ಬಂದಿದ್ದೆ.

ಮುಂದಿನ ಭಾನುವಾರ ಮಗ ಕುದುರೆ ನೋಡಬೇಕು ಅಂತ ಹಟ ಹಿಡಿದ. ನಿಜ ಹೇಳಬೇಕೆಂದರೆ ನನಗೂ ಆಸೆ ಇತ್ತು. ಮೆಲ್ಬರ್ನ್ ಮ್ಯೂಸಿಯಮ್ಮಿಗೆ ಹೋದೆವು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಫಾರ್ ಲ್ಯಾಪ್ ನಿಂತಿದೆ. 1930ರ ಕಪ್ ಗೆದ್ದ ಕುದುರೆ, 1932ರಲ್ಲಿ ಸತ್ತಿತು. ಇಲ್ಲಿರುವುದು ಅದರ ಚರ್ಮಕ್ಕೆ ಮೈ ತುಂಬಿಸಿ ನಿಲ್ಲಿಸಿದ್ದು. ಎಲುಬು ನ್ಯೂಜಿಲೆಂಡಿನಲ್ಲಿದೆ, ಹೃದಯ ಕ್ಯಾನ್‌ಬೆರಾದಲ್ಲಿ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ. ಕೆಂಪಗೆ, ಎತ್ತರಕ್ಕೆ, ಮೈಯೆಲ್ಲ ಮಿರಿಮಿರಿ. ಕೊನೆಗೂ ಒಂದು ಕುದುರೆಯನ್ನು ಮೂಗಿನಿಂದ ಬಾಲದವರೆಗೆ ಪೂರ್ತಿ ನೋಡಿದೆ. ಮುಂದೆ ಯಾರ ಟೋಪಿಯೂ ಇರಲಿಲ್ಲ.

ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು.

"ನೀನು ದುಡ್ಡು ಕಟ್ಟಿದ ಕುದುರೆ ಇದೇನಾ?"

"ಅಯ್ಯೋ ಅಲ್ಲಮ್ಮ. ಇದು ಸತ್ತು ತೊಂಬತ್ತು ವರ್ಷದ ಮೇಲಾಯ್ತು."

"ನಿಂದಕ್ಕಿಂತ ಇದೇ ವಾಸಿ ಕಣೇ" ಅಂದರು ಅಮ್ಮ. "ನಿಂತಾದ್ರೂ ಇದೆ, ದುಡ್ಡು ಕೇಳಲ್ಲ."