ಚಲೋ ಐತೆಲ್ಲಾ, ಯಾಕ ತೆಗೀತೀರಿ?

ಮೊನ್ನೆ ರವಿವಾರ ನಮ್ಮ ಕುಂದಗೋಳದ ಕಾಕಾ ಮತ್ತ ಕಾಕು ಮನಿಗೆ ಬಂದಿದ್ರು. ಬೀಗರು, ನೆರೆಮನಿಯವರು ಎಲ್ಲಾ ಸೇರಿ ಹದಿನಾರು ಮಂದಿ ಕೇದಾರ, ಬದರಿ ಮುಗಿಸಿ ಬಂದಾರ, ಪ್ರಸಾದ ಕೊಡಾಕ ಬಂದಿದ್ರು. ಚಾ ಕುಡಕೋತ ಕಾಕಾ ಶುರು ಮಾಡಿದ್ರು ನೋಡ್ರಿ, ಕೇದಾರಕ್ಕ ಹೆಲಿಕಾಪ್ಟರ್ ಹತ್ತೋ ಫಾಟಾ ಹೆಲಿಪ್ಯಾಡ್‌ನಾಗ ನಾಲ್ಕು ತಾಸು ಕುಂದ್ರಿಸಿದ್ರಂತ, ಹೆಲಿಕಾಪ್ಟರ್ ಕಣ್ಣ ಮುಂದ ನಿಂತೈತಿ, ಹಿಂದಿನ ಟ್ರಿಪ್ ಈಗಷ್ಟ ಮುಗಿಸಿ ಬಂದೈತಿ, ಒಬ್ಬ ಮೆಕ್ಯಾನಿಕ್ ಹುಡುಗ ಮ್ಯಾಲ ಹತ್ತಿ ಟಾರ್ಚ್ ಹಚ್ಚಿ ನೋಡಿ ಇದು ಈಗ ಹಾರಂಗಿಲ್ಲ ಒಂದು ಪಾರ್ಟ್ ಬದಲಿ ಮಾಡಬೇಕು ಅಂದ್ನಂತ. "ಚಲೋ ಐತೆಲ್ಲಪಾ, ಈಗ ಹಾರಿ ಬಂದೈತೆಲ್ಲ, ಯಾಕ ತೆಗೀತಿ ಅಂತ ನಾವೆಲ್ಲ ಸೇರಿ ಜಗಳಾನ ತೆಗದ್ವಿ" ಅಂತ ಕಾಕಾ ಹೇಳಿದ್ರು.

ನನಗ ತಡಕೊಳ್ಳಾಕ ಆಗಲಿಲ್ಲ. "ಕಾಕಾ, ನೀವು ಆ ಹುಡುಗಗ ಕೈ ಮುಗಿಬೇಕಿತ್ತ್ರಿ" ಅಂದೆ. ಕಾಕಾಗ ಸಿಟ್ಟು ಬಂತು, ಮಾತು ಅಲ್ಲಿಗೇ ನಿಂತ್ತು. ದೊಡ್ಡವರ ಮುಂದ ಹೆಚ್ಚಿಗಿ ಮಾತಾಡೋದು ಬ್ಯಾಡ ಅಂತ ಸುಮ್ಮನಾದೆ, ಆದ್ರ ಹೇಳಬೇಕಾದ್ದು ಎದ್ಯಾಗ ಉಳದೈತಿ, ಅದಕ್ಕ ಇಲ್ಲಿ ಬರೀತೀನಿ. ಉದ್ದ ಆಗ್ತೈತಿ, ಆದ್ರೂ ಓದ್ರಿ.

ನಾನು ಇಪ್ಪತ್ತೆರಡು ವರ್ಷದಿಂದ ಹುಬ್ಬಳ್ಳಿ ಗೋಕುಲ ರೋಡ್ ಕಡೆ ಹೈಡ್ರಾಲಿಕ್ ಕೆಲಸ, ಅಂದ್ರ ಎಣ್ಣಿ ಒತ್ತಡದಲೆ ನಡಿಯೋ ಸಾಮಾನಿನ ರಿಪೇರಿ, ಮಾಡ್ಕೊಂಡು ಬಂದೀನಿ. ಜೆಸಿಬಿ, ಟಿಪ್ಪರ್, ಟ್ರ್ಯಾಕ್ಟರ್, ಸುಗ್ಗಿ ಬಂದ್ರ ಹಾರ್ವೆಸ್ಟರ್, ಇವುಗಳ ಸಿಲಿಂಡರ್ ಬಿಚ್ಚೋದು, ಸೀಲ್ ಕಿಟ್ ಹಾಕೋದು, ಹೋಸ್ ಅಂದ್ರ ಎಣ್ಣಿ ಹೋಗೋ ರಬ್ಬರ್ ಪೈಪ್ ಕಟ್ ಮಾಡಿ ತುದಿಗೆ ಹೊಸಾ ಎಂಡ್ ಒತ್ತಿ ಕೂಡಸೋದು. ನನ್ನ ಶೆಡ್‌ನಾಗ ದಿನಕ್ಕ ಹತ್ತು ಸಲ ಕೇಳೋ ಮಾತು ಅಂದ್ರ ಇದ, "ಅಣ್ಣಾರ, ಚಲೋ ಐತೆಲ್ಲಾ, ಯಾಕ ತೆಗೀತೀರಿ? ಇನ್ನೊಂದ ತಿಂಗಳ ನಡೀತೈತಿ ಬಿಡ್ರಿ." ಕಾಕಾನ ಬಾಯಾಗ ಅದ ಮಾತು ಬಂದಾಗ ನನಗ ಹಳೇದೊಂದು ನೆನಪಾತು.

ಹತ್ತು ಹನ್ನೆರಡು ವರ್ಷದ ಹಿಂದ ಗದಗ ಕಡೆಯಿಂದ ಒಬ್ಬರು ಮರಂ ಹೊಡಿಯೋ ಟಿಪ್ಪರ್ ತಂದಿದ್ರು. ಹೋಸ್ ಮ್ಯಾಲಿನ ರಬ್ಬರ್ ಒಂದ ಕಡೆ ಉಬ್ಬಿತ್ತು, ಅಡಿಕಿ ಅಷ್ಟ ದಪ್ಪ, ಒಳಗಿನ ತಂತಿ ಹೆಣಿಕಿ ಒಂದೆರಡು ಎಳಿ ಹರದು ಎಣ್ಣಿ ಒಳಗಿಂದ ಮ್ಯಾಲಿನ ರಬ್ಬರಿಗೆ ಬಂದು ನಿಂತಿತ್ತು. ಬದಲಿ ಮಾಡ್ರಿ ಅಂದೆ. ಲೀಕ್ ಇಲ್ಲೆಲ್ಲ ಅಂದ್ರು, ಮಳಿ ಮುಂದ ಸೀಸನ್, ಗಾಡಿ ನಿಂದ್ರಸಾಕ ಆಗಂಗಿಲ್ಲ ಅಂದ್ರು. ನಾನೂ ಹೆಚ್ಚಿಗಿ ಒತ್ತಾಯ ಮಾಡಲಿಲ್ಲ, ಗಿರಾಕಿ ಬ್ಯಾರೆ ಕಡೆ ಹೋಗ್ತಾನ ಅಂತ ಬಿಟ್ಟೆ. ಒಂಬತ್ತು ದಿನಕ್ಕ ಟ್ರಾಲಿ ಎತ್ತಿದಾಗ ಹೋಸ್ ಒಡೀತು, ಟ್ರಾಲಿ ಒಮ್ಮಿಗೇ ಕುಂತ್ತು, ಕೆಳಗ ಗ್ರೀಸ್ ಹಾಕ್ತಿದ್ದ ಕ್ಲೀನರ್ ಹುಡುಗನ ಎಡಗೈ ಮೂರು ಬೆರಳು ಹೋದವು. ಕಿಮ್ಸ್‌ಗೆ ನಾನೂ ಹೋಗಿದ್ದೆ. ಅವನ ಅವ್ವ ನನಗ ಏನೂ ಅನಲಿಲ್ಲ, ಆದ್ರ ನನಗ ಆ ಉಬ್ಬು ಇವತ್ತಿಗೂ ಕಣ್ಣಾಗ ಐತಿ.

ಇದು ನೆಲದ ಮ್ಯಾಲಿನ ಮಾತು. ಟಿಪ್ಪರ್ ಕೆಟ್ರ ರೋಡ್ ಬಾಜೂಕ ನಿಂದರ್ತೈತಿ. ಹೆಲಿಕಾಪ್ಟರ್‌ಗೆ ಬಾಜೂ ಎಲ್ಲೈತ್ರಿ?

ಭಾಳ ಮಂದಿಗೆ ಹೆಲಿಕಾಪ್ಟರ್‌ನಾಗ ಹೈಡ್ರಾಲಿಕ್ ಏನು ಕೆಲಸ ಮಾಡ್ತೈತಿ ಅನ್ನೋದ ಗೊತ್ತಿಲ್ಲ, ಎಂಜಿನ್ ಒಂದ ಚಲೋ ಇದ್ರ ಆತು ಅಂತಾರ. ಮ್ಯಾಲ ತಿರಗೋ ರೆಕ್ಕಿ ಬರೇ ತಿರಗೋದಿಲ್ಲ, ತಿರಗಕೋತ ತನ್ನ ಓರೆ ಬದಲಿ ಮಾಡ್ತಿರತೈತಿ, ಆ ಓರೆಯಿಂದನ ಹೆಲಿಕಾಪ್ಟರ್ ಮುಂದ ಹೋಗೋದು, ಹೊಳ್ಳೋದು, ಏರೋದು, ಇಳಿಯೋದು. ಪೈಲಟ್ ಕೈಯಾಗಿನ ಸ್ಟಿಕ್ ಸರದ್ರ ರಾಡ್‌ಗಳ ಮುಖಾಂತರ ಅದು ಸರ್ವೋಕ್ಕ ಹೋಗ್ತೈತಿ, ಸರ್ವೋ ಅಂದ್ರ ನಮ್ಮ ಜೆಸಿಬಿ ಸಿಲಿಂಡರ್‌ನ ಸಣ್ಣ ತಮ್ಮ ಅನ್ಕೋರಿ, ಅದು ಎಣ್ಣಿ ಒತ್ತಡದಾಗ ಸ್ವಾಶ್‌ಪ್ಲೇಟ್ ಅನ್ನೋ ತಟ್ಟಿ ಎತ್ತಿ ಇಳಿಸಿ ರೆಕ್ಕಿಗೆ ಓರೆ ಕೊಡ್ತೈತಿ. ರೆಕ್ಕಿ ಮ್ಯಾಲಿನ ಗಾಳಿ ಜೋರಿಗೆ ಮನಷ್ಯಾನ ಕೈ ಬಲ ಸಾಲಂಗಿಲ್ಲ, ಅದಕ್ಕ ಹೈಡ್ರಾಲಿಕ್. ದೊಡ್ಡ ಹೆಲಿಕಾಪ್ಟರ್‌ನಾಗ ಒಂದು ಕೈಕೊಟ್ರ ಇನ್ನೊಂದು ಇರಲಿ ಅಂತ ಎರಡು ಬ್ಯಾರೆ ಬ್ಯಾರೆ ಹೈಡ್ರಾಲಿಕ್ ಲೈನ್ ಇಟ್ಟಿರತಾರ. ನಮ್ಮ ಬೆಟ್ಟದ ಕಡೆ ಭಾಳ ಕಾಣೋ ಏರ್‌ಬಸ್‌ನ ಎಎಸ್ 350 ಜಾತಿಯ ಸಣ್ಣ ಹೆಲಿಕಾಪ್ಟರ್‌ನಾಗ ಬಹುತೇಕ ಒಂದ ಲೈನ್, ಹಳೇ ಮಾಡೆಲ್‌ನಾಗ ಆ ಪಂಪ್ ತಿರಗೋದೂ ಒಂದು ಬೆಲ್ಟ್ ಮ್ಯಾಲ, ಹಿಟ್ಟಿನ ಗಿರಣಿಯಂಗ. ಬೆಲ್ಟ್ ಹೋತಂದ್ರ ಒತ್ತಡ ಕೂಡಿಟ್ಟಕೊಳ್ಳೋ ಸಣ್ಣ ಅಕ್ಯುಮುಲೇಟರ್‌ನಾಗ ಉಳದಿರೋ ಒತ್ತಡ ಸ್ವಲ್ಪ ಹೊತ್ತು ಕೈ ಹಿಡೀತೈತಿ, ಅಷ್ಟರಾಗ ಪೈಲಟ್ ವೇಗ 40ರಿಂದ 60 ನಾಟ್‌ಗೆ (ತಾಸಿಗೆ ಸುಮಾರು 75ರಿಂದ 110 ಕಿ.ಮೀ.) ಇಳಿಸಿ ಮುಂದ ಬರೇ ಕೈ ಬಲದಾಗ ಇಳಿಸಬೇಕು. ಆಗಂಗಿಲ್ಲ ಅಂತಲ್ಲ, ಅದಕ್ಕಂತ ಟ್ರೇನಿಂಗ್ ಇರತೈತಿ, ಆದ್ರ ಕೇದಾರದ ಕಣಿವ್ಯಾಗ 11,000 ಅಡಿ ಮ್ಯಾಲ, ತೆಳ್ಳನ ಗಾಳ್ಯಾಗ, ಮಂಜು ಮುಸುಕಿದಾಗ ಅದನ್ನ ಮಾಡೋದು ಹೆಂಗ ಅಂತ ಯೋಚನಿ ಮಾಡ್ರಿ.

ಎಂಜಿನ್ ಬಂದ್ ಬಿದ್ರೂ ಒಬ್ಬ ಚಲೋ ಪೈಲಟ್ ರೆಕ್ಕಿ ಗಾಳಿಗೆ ತಿರಗೋವಂಗ ಬಿಟ್ಟು ಹೆಲಿಕಾಪ್ಟರ್ ಇಳಿಸಬಹುದು. ಆದ್ರ ಸ್ಟಿಕ್‌ನಿಂದ ರೆಕ್ಕಿ ತನಕ ಇರೋ ಸರಪಳಿ ಒಳಗ ಒಂದು ಕೊಂಡಿ ಕಳಚಿದ್ರ ಎಂಥಾ ಪೈಲಟ್ ಆದ್ರೂ ಏನೂ ಮಾಡಾಕ ಬರಂಗಿಲ್ಲ.

ಅದಕ್ಕ ಕಾಯದೆ ಐತಿ. ಒಂದು ಪಾರ್ಟ್‌ನಾಗ ದೋಷ ಐತಿ ಅಂತ ಗೊತ್ತಾದಾಗ ಮೊದಲ ಕಂಪನಿ ಸರ್ವಿಸ್ ಬುಲೆಟಿನ್ ಅನ್ನೋ ಸೂಚನಾ ಪತ್ರ ಹೊರಡಸ್ತೈತಿ, ವಿಷಯ ಗಂಭೀರ ಇದ್ರ ಆ ಹೆಲಿಕಾಪ್ಟರ್ ಡಿಸೈನ್ ಆದ ದೇಶದ ಸರಕಾರಿ ಸಂಸ್ಥೆ, ಯುರೋಪಿನದಾದ್ರ ಇಎಎಸ್ಎ, ಅಮೆರಿಕದ್ದಾದ್ರ ಎಫ್ಎಎ, ಏರ್‌ವರ್ದಿನೆಸ್ ಡೈರೆಕ್ಟಿವ್ ಅಂತ ಆದೇಶ ಹೊರಡಸ್ತೈತಿ. ನಮ್ಮ ಕಡೆ ಅದನ್ನ ಪಾಲಸೋ ಹಂಗ ನೋಡ್ಕೊಳೋದು ನಮ್ಮ ಸರಕಾರದ ವಿಮಾನಯಾನ ಸಂಸ್ಥೆ ಡಿಜಿಸಿಎ ಕೆಲಸ. ಅದರಾಗ ಪಾರ್ಟ್ ನಂಬರ್, ಸೀರಿಯಲ್ ನಂಬರ್, ಮಾಡಬೇಕಾದ ಕೆಲಸ, ಗಡುವು ಎಲ್ಲಾ ಬರದಿರತೈತಿ. ಕೆಲವು ಸಲ ಇಷ್ಟು ಗಂಟೆ ಹಾರೋದ್ರೊಳಗ, ಕೆಲವು ಸಲ ಇಷ್ಟು ತಿಂಗಳೊಳಗ, ಭಾಳ ಕೆಟ್ಟದ್ದಿದ್ರ ಮುಂದಿನ ಹಾರಾಟಕ್ಕ ಮೊದಲ. ಮಾಡದ ಹಾರಿಸಿದ್ರ ಅದು ಕಾಯದೆ ಪ್ರಕಾರ ಹಾರಾಕ ಲಾಯಕ್ ಇಲ್ಲದ ಮಷೀನ್. ಕೆಲವು ಆದೇಶದಾಗ 'ನೋಡ್ರಿ, ಬಿರುಕಿದ್ರ ಬದಲಿ ಮಾಡ್ರಿ' ಅಂತ ಇರತೈತಿ, ಕೆಲವುದರಾಗ 'ನೋಡೋದು ಬ್ಯಾಡ, ತೆಗದ ಬಿಡ್ರಿ' ಅಂತ ಇರತೈತಿ. ಈ ಎರಡನೇದ್ದಕ್ಕನ ಮಂದಿ ಜಗಳಾ ತೆಗಿಯೋದು.

ಯಾಕ ಚಲೋ ಕಾಣೋದನ್ನೂ ತೆಗೀಬೇಕು? ಒಂದ ಲಾಟ್‌ನಾಗ ಒಂದ ಕಬ್ಬಿಣ, ಒಂದ ಭಟ್ಟಿ, ಒಂದ ಮಷೀನಿಂಗ್. ಅದರಾಗ ಒಂದು ಕೆಟ್ಟಿತು ಅಂದ್ರ ಉಳದವೂ ಅದ ದಾರಿ ಹಿಡದಾವ ಅಂತನ ತಿಳ್ಕೋಬೇಕು. ಬಿರುಕು ಅನ್ನೋದು ಮೊದಲ ಕಣ್ಣಿಗೆ ಕಾಣಂಗಿಲ್ಲ. ನನ್ನ ಶೆಡ್‌ನಾಗ ಕ್ರೋಮ್ ರಾಡ್ ಹೊಳೀತಿರತೈತಿ, ಡೈ ಪೆನಿಟ್ರಂಟ್ ಅನ್ನೋ ಬಿರುಕಿನೊಳಗ ಇಳಿಯೋ ಬಣ್ಣ ಹೊಡದು ಒರೆಸಿ, ಅದನ್ನ ಹೊರಗ ಎಳದು ತೋರಸೋ ಡೆವಲಪರ್ ಹಾಕಿದ್ರ ಕೆಂಪಗ ಕೂದಲ ಎಳಿಯಂಥಾ ಗೆರಿ ಏಳತೈತಿ, ನೋಡಿದವರು ಹೌಹಾರ್ತಾರ. ಸರ್ವೋದೊಳಗ ಎಣ್ಣಿ ಹಾದಿ ತೆರದು ಮುಚ್ಚೋ ಸ್ಪೂಲ್ ವಾಲ್ವ್‌ಂತೂ ಇನ್ನೂ ನಾಜೂಕು, ಅದರ ಸಂದಿ ಮೈಕ್ರಾನ್ ಲೆಕ್ಕದಾಗ, ತಲಿಗೂದಲಕ್ಕಿಂತ ಎಷ್ಟೋ ಪಟ್ಟು ಸಣ್ಣದು. ಅಲ್ಲಿ ಹೋಗಿ ಸಿಗೋ ಒಂದು ಚೂರು ಕಣ ಯಾರ ಕಣ್ಣಿಗೆ ಕಾಣಬೇಕು?

2018ರ ಅಕ್ಟೋಬರ್ 27ಕ್ಕ ಇಂಗ್ಲೆಂಡಿನ ಲೆಸ್ಟರ್ ಫುಟ್‌ಬಾಲ್ ಗ್ರೌಂಡ್‌ನಿಂದ ಎದ್ದ ಎಡಬ್ಲ್ಯೂ 169 ಹೆಲಿಕಾಪ್ಟರ್ ಗರಗರ ತಿರಗಿ ಬಿತ್ತು, ಕ್ಲಬ್ ಮಾಲಕರು ಸೇರಿ ಐದು ಮಂದಿ ಹೋದ್ರು. ಬಾಲದ ರೆಕ್ಕಿಯ ಒಂದು ಬೇರಿಂಗ್ ಜಾಮ್ ಆಗಿ, ಆ ರೆಕ್ಕಿಗೆ ಓರೆ ಕೊಡೋ ಆಕ್ಚುಯೇಟರ್‌ನ ಕಂಟ್ರೋಲ್ ಶಾಫ್ಟ್ ಕಳಚಿಕೊಂಡಿತ್ತು. ಪೈಲಟ್‌ನ ತಪ್ಪಿರಲಿಲ್ಲ. ಅದಾದ ಮ್ಯಾಲ ಕೆಲವ ದಿನದಾಗ ಎಮರ್ಜನ್ಸಿ ಆದೇಶ ಬಂತು. ಇಂಥಾ ಎಷ್ಟೋ ಆದೇಶದ ಹಿಂದ ಯಾರದೋ ಮನಿ ಸೂತಕ ಇರತೈತ್ರಿ.

ನಮ್ಮ ಬೆಂಗಳೂರಿನ ಎಚ್ಎಎಲ್ ಮಾಡೋ ಧ್ರುವ ಹೆಲಿಕಾಪ್ಟರ್ ನೋಡ್ರಿ. ನನಗ ಅದರ ಮ್ಯಾಲ ಭಾಳ ಅಭಿಮಾನ, ನೆರೆ ಬಂದಾಗ ಎಷ್ಟು ಮಂದಿನ್ನ ಎತ್ತಿಕೊಂಡು ಬಂದೈತಿ. 2023ರಾಗ ಸಾಲಾಗಿ ಅಪಘಾತ ಆದಾಗ ನಿಂದ್ರಿಸಿ ಕಂಟ್ರೋಲ್ ರಾಡ್ ಅಲ್ಯೂಮಿನಿಯಂ ಇದ್ದದ್ದನ್ನ ಸ್ಟೀಲ್‌ಗೆ ಬದಲಿ ಮಾಡಾಕ ಹತ್ತಿದ್ರು. 2025ರ ಜನವರಿ 5ಕ್ಕ ಪೋರಬಂದರ್‌ನಾಗ ಕೋಸ್ಟ್ ಗಾರ್ಡ್‌ನ ಮೂರು ಮಂದಿ ಹೋದ್ರು, ತನಿಖೆ ಒಳಗ ಸ್ವಾಶ್‌ಪ್ಲೇಟ್ ಮುರದದ್ದು ಸಿಕ್ಕಿತು, ಮುನ್ನೂರಕ್ಕೂ ಹೆಚ್ಚು ಧ್ರುವ ತಿಂಗಳಗಟ್ಟಲೆ ನೆಲಕ್ಕ ಕುಂತವು. ಆಗ ಭಾಳ ಮಂದಿ ನಗಾಡಿದ್ರು, ನಮ್ಮ ಮಾಲ್ ಇಷ್ಟ ಅಂದ್ರು. ನಾನು ಒಪ್ಪಂಗಿಲ್ಲ. ಗಡಿ ಮ್ಯಾಲ ಬೇಕಾದ ಮಷೀನ್ ಅಷ್ಟು ದಿನ ನಿಂದ್ರಿಸೋಕ ಗುಂಡಿಗಿ ಬೇಕು. ನಿಂದ್ರಿಸಿದ್ದು ನಾಚಿಕಿ ಅಲ್ಲ, ಮೊದಲ ಸಲ ಸುಳಿವು ಸಿಕ್ಕಾಗನ ಇನ್ನೂ ಆಳಕ್ಕ ಹೋಗಿದ್ರ ಚಲೋ ಇತ್ತು ಅನ್ನೋದಷ್ಟ ನನ್ನ ಸಂಕಟ.

ಈಗ ಕಾಕಾನ ಮಾತಿಗೆ ಖರೇ ಉತ್ತರ ಇಲ್ಲೈತಿ. ಬದಲಿ ಮಾಡಿದ್ರ ಮುಗೀತು ಅಂತಲ್ಲ, ಸರಿಯಾಗಿ ಜೋಡಸಾಕ ಹೊತ್ತು ಬೇಕು. 2011ರ ಡಿಸೆಂಬರ್ 7ಕ್ಕ ಅಮೆರಿಕದ ಲಾಸ್ ವೇಗಸ್ ಹತ್ರ ಪ್ರವಾಸಿಗರನ್ನ ಹೊತ್ತ ಒಂದು ಎಎಸ್ 350 ಗುಡ್ಡಕ್ಕ ಬಿದ್ದು ಪೈಲಟ್, ನಾಲ್ವರು ಪ್ರಯಾಣಿಕರು ಹೋದ್ರು. ಹಿಂದಿನ ದಿನಾನ ಅದರ ಒಂದು ಸರ್ವೋ ಹೊಸಾದು ಹಾಕಿದ್ರು, ಕೇಳ್ರಿ, ಹೊಸಾದು. ಆದ್ರ ಅದನ್ನ ಜೋಡಸೋ ಬೋಲ್ಟ್‌ಗೆ ಹಳೇ ಸವೆದ ಸೆಲ್ಫ್ ಲಾಕಿಂಗ್ ನಟ್ (ತಾನ ಬಿಗಿ ಹಿಡಿಯೋ ನಟ್) ಹಾಕಿದ್ರು, ನಟ್ ಬಿಚ್ಚದಂಗ ತಡಿಯೋ ಸ್ಪ್ಲಿಟ್ ಪಿನ್ ಹಾಕಿರಲಿಲ್ಲ ಅಥವಾ ಸರಿಯಾಗಿ ಹಾಕಿರಲಿಲ್ಲ. ನಟ್ ಬಿಚ್ಚಿತು, ಬೋಲ್ಟ್ ಬಿತ್ತು, ಕಂಟ್ರೋಲ್ ಹೋತು. ಆ ನಟ್ ನಾವೂ ದಿನಾ ಹಿಡಿತೀವಿ, ಬೆರಳಲೆ ತಿರುವಿದ್ರ ಸಲೀಸಾಗಿ ಕೊನಿ ತನಕ ಇಳೀತು ಅಂದ್ರ ಅದರ ಹಿಡಿತ ಸತ್ತೈತಿ ಅಂತ ಅರ್ಥ, ಒಗೀಬೇಕು. ಸ್ಪ್ಲಿಟ್ ಪಿನ್ ಅಂತೂ ಒಮ್ಮೆ ಬಗ್ಗಿಸಿ ತೆಗದದ್ದು ಹೊಳ್ಳಿ ಹಾಕಾಕ ಬರಂಗಿಲ್ಲ. ಹಿಂಗ ಒಂದು ಕಡ್ಡಿಯಷ್ಟ ಪಿನ್ನು, ಐದು ಜೀವ. ತನಿಖೆ ಮಾಡಿದವರು ಇನ್ನೊಂದು ಮಾತು ಬರದಾರ, ಮೆಕ್ಯಾನಿಕ್ಕೂ ಚೆಕ್ ಮಾಡಿದವನೂ ದಣದಿದ್ರು ಅಂತ.

ಅದಕ್ಕ ನಾ ಹೇಳೋದು, ಆದೇಶ ಮಾಡಿದ್ರ ಸಾಲಂಗಿಲ್ಲ, ಆದೇಶ ಪಾಲಸೋ ಕೈಗೆ ಹೊತ್ತು ಕೊಡಬೇಕು. ಯಾತ್ರಾ ಸೀಸನ್ ಅಂದ್ರ ವರ್ಷದ ದುಡಿಮಿ ಕೆಲವ ತಿಂಗಳದಾಗ, ಎಂಟ್ಹತ್ತು ನಿಮಿಷಕ್ಕೊಂದು ಟ್ರಿಪ್, ದಿನಕ್ಕ ಎಷ್ಟು ಏರಿಳಿತ, ಮಾಲಕ ಫೋನ್ ಮ್ಯಾಲ ಫೋನ್, ಕಟಕಟಿ ಹಿಡಕೊಂಡು ನಿಂತ ನೂರು ಮಂದಿ ಯಾತ್ರಿಗಳು ಬೈಯ್ಯಕೋತ. ಅಂಥಾದ್ರಾಗ ಆ ಮೆಕ್ಯಾನಿಕ್ ಪಿನ್ ಹಾಕ್ಬೇಕು. 2025ರ ಜೂನ್ 15ಕ್ಕ ಗೌರಿಕುಂಡದ ಹತ್ರ ಹೆಲಿಕಾಪ್ಟರ್ ಬಿದ್ದು ಏಳು ಮಂದಿ, ಒಂದು ಸಣ್ಣ ಕೂಸೂ ಸೇರಿ ಹೋದಾಗ ಕಾಕಾನ ನನಗ ಆ ಸುದ್ದಿ ಕಳಿಸಿದ್ರು. ಅದಕ್ಕ ಪಾರ್ಟ್ ಕಾರಣ ಅಂತ ನಾ ಹೇಳ್ತಿಲ್ಲ, ಆದ್ರ ಅಲ್ಲಿ ಗಡಿಬಿಡಿ ಅನ್ನೋದು ಎಷ್ಟು ತುಟ್ಟಿ ಅಂತ ಕಾಕಾಗ ಗೊತ್ತಿರಬೇಕಿತ್ತು.

ಮತ್ತ ತೆಗದ ಹಳೇ ಪಾರ್ಟ್? ಅದನ್ನ ಕಪಾಟಿನಾಗ ಇಡಬಾರದು, ಹೊಳ್ಳಿ ಯಾರೂ ಹಾಕಾಕ ಬರದಂಗ ಕಟ್ ಮಾಡಿ ಕೆಡಿಸಬೇಕು. ನಮ್ಮ ಹಳೇ ಸಾಮಾನಿನ ಸಂತ್ಯಾಗ ಏನೇನು ಪಾಲಿಶ್ ಆಗಿ ಹೊಳ್ಳಿ ಬರತೈತಿ ಅಂತ ನನಗ ಗೊತ್ತು. 1989ರಾಗ ನಾರ್ವೆಯ ಒಂದು ವಿಮಾನ ಡೂಪ್ಲಿಕೇಟ್ ಬೋಲ್ಟ್‌ಗಳ ದೆಸೆಯಿಂದ ಸಮುದ್ರಕ್ಕ ಬಿದ್ದು 55 ಮಂದಿ ಸತ್ತಾರ. ಹೊಸಾ ಪಾರ್ಟ್ ಬಂದಾಗ ಅದರ ಜೋಡಿ ಕಾಗದ ಬರಬೇಕು, ನಂಬರ್ ತಾಳೆ ಆಗಬೇಕು, ಲಾಗ್‌ಬುಕ್‌ನಾಗ ಸಹಿ ಬೀಳಬೇಕು. ಇದಕ್ಕ ರೊಕ್ಕ ಹತ್ತತೈತಿ, ಟಿಕೆಟ್ ತುಟ್ಟಿ ಆಗ್ತೈತಿ, ಆಗಲಿ. ನಾವು ಕೊಡೋಣ.

ಒಂದ ಮಾತು ಹೇಳೋದು ಉಳದಿತ್ತು. ಅವತ್ತ ಕಾಕಾ ಸಿಟ್ಟಿಲೆ ಚಪ್ಪಲಿ ಮೆಟ್ಟಾಕ ಹೋದಾಗ ಕಾಕು ಅಡಗಿಮನಿ ಬಾಗಲದಾಗ ನಿಂತು ನನಗ ಸಣ್ಣ ದನಿಲೆ ಹೇಳಿದ್ರು. ಆ ಹುಡುಗ ಒಂದು ಸಣ್ಣ ಕನ್ನಡಿ ಕೋಲಿಗೆ ಕಟ್ಟಿದ್ದು ಒಳಗ ಹಾಕಿ ಹಾಕಿ ನೋಡ್ತಿದ್ನಂತ, ತೆಗದದ್ದನ್ನ ಕೆಂಪು ಚೀಟಿ ಕಟ್ಟಿ ಚೀಲಕ್ಕ ಹಾಕಿದ್ನಂತ, ಆಮ್ಯಾಲ ಇನ್ನೊಬ್ಬ ವಯಸ್ಸಾದವರು ಬಂದು ಹತ್ತಿ ಅವರೂ ನೋಡಿ ಇಬ್ಬರೂ ಸಹಿ ಮಾಡಿದ್ರಂತ. "ನಾ ಅವಂಗ ಒಂದು ಶೇಂಗಾ ಹೋಳಿಗಿ ಕೊಡಾಕ ಹೋದೆ ತಮ್ಮಾ, ಕೈ ಎಣ್ಣಿ ಐತಿ ಅಂತ ಬ್ಯಾಡ ಅಂದ. ಎಲ್ಲಾ ಮುಗದ ಮ್ಯಾಲ ಕೈ ತೊಳಕೊಂಡು ತಾನ ಬಂದು ಇಸಗೊಂಡು ಹೋದ."