‘ಸ್ಟ್ರಾಂಗ್ ಆಗಿರೋದು ಕೊಡಿ ಡಾಕ್ಟ್ರೇ’

ಒಂದು ಸಲ ನನ್ನ ತೊಡೆಯ ಮೇಲೆ ದೊಡ್ಡ ಕುರು ಎದ್ದಿತ್ತು. ಐದು ದಿನ ಆಂಟಿಬಯೋಟಿಕ್ ನುಂಗಿದರೂ ಇಳಿಯಲಿಲ್ಲ. ‘ಇದಕ್ಕಿಂತ ಸ್ಟ್ರಾಂಗ್ ಆಗಿರೋದು ಕೊಡಿ’ ಅಂದೆ. ಡಾಕ್ಟರ್ ಮಾತ್ರೆ ಬದಲಿಸಲಿಲ್ಲ. ಕುರು ಕೊಯ್ದು ಕೀವು ತೆಗೆದರು. ಎರಡೇ ದಿನಕ್ಕೆ ನಾನು ನೆಟ್ಟಗೆ ನಡೆಯುತ್ತಿದ್ದೆ.

ಆಮೇಲೆ ಕುತೂಹಲಕ್ಕೆ ಓದಿಕೊಂಡೆ. ನನಗೀಗ ಆ ‘ಸ್ಟ್ರಾಂಗ್’ ಅನ್ನೋ ಪದವೇ ಬೇಡ ಅನ್ನಿಸಿದೆ. ಔಷಧಿಗೆ ಎಷ್ಟು ಶಕ್ತಿ ಅನ್ನುವುದಲ್ಲ, ಅದು ರೋಗಾಣು ಕೂತ ಜಾಗಕ್ಕೆ ಹೋಗುತ್ತದಾ ಅನ್ನುವುದು ಪ್ರಶ್ನೆ.

ಔಷಧಿ ರಕ್ತಕ್ಕೆ ಸೇರಿದರೆ ಕೆಲಸ ಮುಗಿಯಲಿಲ್ಲ. ಅದರಲ್ಲಿ ಒಂದಷ್ಟು ಭಾಗ ರಕ್ತದ ಅಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ಕೂರುತ್ತದೆ. ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯೋಟಿಕ್ ಆದರೆ ನೂರಕ್ಕೆ 85ರಿಂದ 95 ಭಾಗ ಹೀಗೇ ಇರುತ್ತದೆ. ಅಂಟದೆ ಉಳಿದದ್ದು ಮಾತ್ರ ಸಣ್ಣ ರಕ್ತನಾಳಗಳ ಗೋಡೆಯ ಸಂದಿಯಿಂದ ಹೊರಗೆ ಜಿನುಗುತ್ತದೆ. ಅದು ಹೋದ ಹಾಗೆ ಅಂಟಿದ್ದರಲ್ಲಿ ಸ್ವಲ್ಪ ಸ್ವಲ್ಪ ಬಿಡುಗಡೆಯಾಗುತ್ತದೆ.

ಹೊರಗೆ ಬಂದ ಮೇಲೂ ಎಲ್ಲ ಔಷಧಿಗಳ ದಾರಿ ಒಂದೇ ಅಲ್ಲ. ಜೆಂಟಾಮೈಸಿನ್ ಜೀವಕೋಶಗಳ ಹೊರಗಿನ ನೀರಿನಲ್ಲೇ ಹೆಚ್ಚಾಗಿ ಉಳಿಯುತ್ತದೆ. ಅಜಿತ್ರೋಮೈಸಿನ್ ಕೋಶದೊಳಗೆ ನುಗ್ಗಿ ಅಲ್ಲೇ ಬೀಡುಬಿಡುತ್ತದೆ. ರಕ್ತದಲ್ಲಿ ಹುಡುಕಿದರೆ ಕಡಿಮೆ, ಅಂಗಾಂಶದಲ್ಲಿ ಅದರ ಎಷ್ಟೋ ಪಟ್ಟು ಜಾಸ್ತಿ. ಟೈಫಾಯ್ಡ್ ರೋಗಾಣು ಅಡಗಿ ಕೂರುವುದು ನಮ್ಮ ಬಿಳಿ ರಕ್ತಕಣಗಳ ಒಳಗೆ. ಲ್ಯಾಬಿನ ತಟ್ಟೆಯಲ್ಲಿ ಜೆಂಟಾಮೈಸಿನ್ ಅದನ್ನು ಚೆನ್ನಾಗಿಯೇ ಕೊಲ್ಲುತ್ತದೆ, ರೋಗಿಯ ಮೈಯಲ್ಲಿ ಮಾತ್ರ ಗೆಲ್ಲುವುದಿಲ್ಲ. ತಟ್ಟೆಯಲ್ಲಿ ಅಡಗಲು ಜಾಗ ಇರುವುದಿಲ್ಲ, ಅಲ್ವಾ?

ಮಿದುಳಿನ ಕಥೆಯೇ ಬೇರೆ. 1885ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿದಾಗ ಉಳಿದ ಅಂಗಗಳೆಲ್ಲ ಬಣ್ಣ ಹಿಡಿದವು, ಮಿದುಳು ಹಿಡಿಯಲಿಲ್ಲ. ಅಲ್ಲಿ ರಕ್ತನಾಳದ ಕೋಶಗಳು ಸಂದಿಯೇ ಇಲ್ಲದಂತೆ ಒತ್ತಾಗಿವೆ. ಪೆನಿಸಿಲಿನ್ ಅಲ್ಲಿಗೆ ಸುಲಭವಾಗಿ ದಾಟುವುದಿಲ್ಲ. ಮೆನಿಂಜೈಟಿಸ್ ಬಂದು ಮಿದುಳಿನ ಪೊರೆಗೆ ಉರಿಯೂತ ಆದಾಗ ಸಂದಿ ಸಡಿಲವಾಗಿ ದಾರಿ ಬಿಡುತ್ತದೆ. ಉರಿ ತಗ್ಗಿದರೆ ಬಾಗಿಲು ಮತ್ತೆ ಮುಚ್ಚುತ್ತಾ ಬರುತ್ತದೆ. ಅದಕ್ಕೇ ರೋಗಿ ಚೇತರಿಸಿಕೊಂಡ ಅಂತ ಡೋಸ್ ಇಳಿಸುವುದಿಲ್ಲ. ನನಗೆ ತುಂಬಾ ಹಿಡಿಸಿದ್ದು ಈ ವಿಷಯ.

ತಲುಪಿದರೂ ಸಾಲದು ಅನ್ನುವುದಕ್ಕೆ ಡ್ಯಾಪ್ಟೋಮೈಸಿನ್ ಅನ್ನೋ ಆಂಟಿಬಯೋಟಿಕ್ ಉದಾಹರಣೆ. ಶ್ವಾಸಕೋಶದ ಗಾಳಿಚೀಲಗಳಿಗೆ ಸವರಿರುವ ಜಿಡ್ಡೇ ಅದನ್ನು ಹಿಡಿದು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಹಾಗಾಗಿ ನ್ಯುಮೋನಿಯಾಕ್ಕೆ ಅದನ್ನು ಕೊಡುವುದಿಲ್ಲ.

ನನ್ನ ಕುರುವಿನಲ್ಲೂ ಇಂಥದ್ದೇ ತೊಡಕು. ಕೀವಿನ ಗುಡ್ಡೆಯೊಳಗೆ ರಕ್ತನಾಳವೇ ಇಲ್ಲ, ಸುತ್ತ ದಪ್ಪ ಗೋಡೆ. ಒಳಗೆ ಹುಳಿ ಜಾಸ್ತಿ, ಆಮ್ಲಜನಕ ಕಡಿಮೆ. ಬ್ಯಾಕ್ಟೀರಿಯಾ ಕೂಡ ಬೆಳೆಯುವುದು ಬಿಟ್ಟು ಸುಮ್ನೆ ಕೂತಿರುತ್ತವೆ. ಅವು ಬೆಳೆಯುತ್ತಾ ತಮ್ಮ ಮೈಸುತ್ತ ಹೊಸ ಗೋಡೆ ಕಟ್ಟುವಾಗ ಹೊಡೆಯುವ ಔಷಧಿಗೆ ಅಲ್ಲಿ ಏನು ಕೆಲಸ? ಬ್ಲೇಡು ಮಾಡಿದ್ದನ್ನು ಯಾವ ‘ಸ್ಟ್ರಾಂಗ್’ ಮಾತ್ರೆಯೂ ಮಾಡುತ್ತಿರಲಿಲ್ಲ.

ಮೊನ್ನೆ ಅಕ್ಕನಿಗೆ ಉರಿಮೂತ್ರ ಅಂತ ನೈಟ್ರೋಫ್ಯುರಾಂಟಾಯಿನ್ ಬರೆದುಕೊಟ್ಟರು. ಆ ಮಾತ್ರೆ ಬೇಗ ಮೂತ್ರಕ್ಕೆ ಇಳಿದು ಅಲ್ಲಿ ದಟ್ಟವಾಗುತ್ತದೆ. ರಕ್ತದಲ್ಲಾಗಲಿ ಕಿಡ್ನಿಯ ಮಾಂಸದಲ್ಲಾಗಲಿ ಸಾಕಷ್ಟು ನಿಲ್ಲುವುದಿಲ್ಲ. ಚಳಿಜ್ವರ ಇದೆಯಾ, ಪಕ್ಕೆ ನೋವು ಇದೆಯಾ ಅಂತ ಡಾಕ್ಟರ್ ಎರಡೆರಡು ಸಲ ಕೇಳಿದರಂತೆ. ಇದ್ದರೆ ಸೋಂಕು ಕಿಡ್ನಿಗೆ ಏರಿರಬಹುದು, ಅಲ್ಲಿಗೆ ಈ ಮಾತ್ರೆ ಸಾಲದು. ‘ಒಂದೇ ಪ್ರಶ್ನೆ ಎಷ್ಟು ಸಲ ಕೇಳ್ತಾರಪ್ಪ’ ಅಂತ ಅಕ್ಕ ಗೊಣಗಿದಳು. ನಾನು ಅರ್ಧ ಗಂಟೆ ಪಾಠ ಮಾಡಿದೆ. ಈಗ ಅವಳು ನನ್ನ ಫೋನ್ ಎತ್ತುತ್ತಿಲ್ಲ.